ನಾಯಿಗೆ ಮೊದಲು ಹೆಸರಿಟ್ಟವರು

ನಮ್ಮ ಮಹಡಿ ಮನೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದ ಜರ್ಮನಿಯ ಸಂಶೋಧನಾ ವಿದ್ಯಾರ್ಥಿನಿ ಊರಿಗೆ ಮರಳುವ ಮುಂಚೆ ತಾನು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವೊಂದನ್ನು ನನಗೆ ಓದಲು ಕೊಟ್ಟಳು. ಮೈಸೂರಿನ ನಮ್ಮ ಬೀದಿಯ ಮೂರು ನಾಯಿಗಳ ಜೊತೆ ಬೆಳೆದ ಸ್ನೇಹ, ಮಳೆಯಲ್ಲಿ ಚರಂಡಿ ಪಕ್ಕ ಸಿಕ್ಕ ಎರಡು ಬೆಕ್ಕಿನ ಮರಿಗಳನ್ನು ದತ್ತು ತೆಗೆದುಕೊಂಡದ್ದು, ಇಷ್ಟೇ ಅದರ ವಸ್ತು. ಬರವಣಿಗೆ ಚೆನ್ನಾಗಿತ್ತು. ಭಾಷೆ ಬಾರದ ಊರಿನಲ್ಲಿ ತನ್ನನ್ನು ಮೊದಲು ಗುರುತು ಹಿಡಿದದ್ದು ಒಂದು ನಾಯಿ ಎಂದು ಬರೆದ ಭಾಗವನ್ನು ಎರಡು ಸಲ ಓದಿದೆ.

ಆದರೂ ಮುಗಿಸಿದಾಗ ಒಂದು ಕಸಿವಿಸಿ ಉಳಿಯಿತು. ಪ್ರಬಂಧದ ಮುಖ್ಯ ನಾಯಿಯ ಹೆಸರು ‘ಬಿಸ್ಕತ್’. ಅವಳು ಬರುವುದಕ್ಕಿಂತ ನಾಲ್ಕು ವರ್ಷ ಮುಂಚಿನಿಂದಲೂ ಅದೇ ನಾಯಿಯನ್ನು ಬೀದಿ ತಿರುವಿನಲ್ಲಿ ಹೂ ಮಾರುವ ಹೆಂಗಸು ‘ಕರಿಯ’ ಎಂದು ಕರೆಯುತ್ತಿದ್ದಳು. ತನ್ನ ಮಧ್ಯಾಹ್ನದ ಬುತ್ತಿಯಲ್ಲಿ ಒಂದು ಹಿಡಿ ಅನ್ನವನ್ನು ಅದಕ್ಕೆಂದೇ ಎತ್ತಿಡುತ್ತಿದ್ದಳು. ಪ್ರಬಂಧದಲ್ಲಿ ಕರಿಯನೂ ಇಲ್ಲ, ಹೂವಿನವಳೂ ಇಲ್ಲ.

ಇದು ಒಬ್ಬಳ ಮರೆವು ಎಂದು ನನಗನ್ನಿಸುವುದಿಲ್ಲ. ಭಾರತದಲ್ಲಿ ಬಂದು ನೆಲೆಸಿದವರು ಇಲ್ಲಿನ ಪ್ರಾಣಿಗಳ ಬಗ್ಗೆ ಬರೆದದ್ದಕ್ಕೆ ಒಂದು ಹಳೆಯ ಚೌಕಟ್ಟಿದೆ. ಒಳ್ಳೆಯ ಮನಸ್ಸಿನವರ ಬರಹವೂ ಅರಿವಿಲ್ಲದೆ ಅದರೊಳಗೆ ಹೋಗಿ ಕೂರುತ್ತದೆ.

ಶಬ್ದದಿಂದಲೇ ಶುರು ಮಾಡೋಣ. ಬೀದಿನಾಯಿಗೆ ವಸಾಹತು ಕಾಲದ ಇಂಗ್ಲಿಷ್ ಕೊಟ್ಟ ಹೆಸರು ‘ಪರೈಯಾ ಡಾಗ್’. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಅದಕ್ಕೊಂದು ನಮೂದೇ ಇದೆ. ತಮಿಳುನಾಡಿನ ಪರೆಯರ್ ಎಂಬ ದಲಿತ ಸಮುದಾಯದ ಹೆಸರನ್ನು ಎತ್ತಿ, ಯಜಮಾನನಿಲ್ಲದ ನಾಯಿಗೆ ಅಂಟಿಸಿದರು. ಊರಿನ ಅಂಚಿಗೆ ತಳ್ಳಿದ ಮನುಷ್ಯರನ್ನೂ ಅಂಚಿನಲ್ಲಿ ಅಲೆಯುವ ಪ್ರಾಣಿಯನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವ ಈ ಕೆಲಸದಲ್ಲಿ ನಮ್ಮ ಜಾತಿಯೂ ಅವರ ಆಡಳಿತವೂ ಸಲೀಸಾಗಿ ಕೈಜೋಡಿಸಿದವು. ರಡ್ಯಾರ್ಡ್ ಕಿಪ್ಲಿಂಗನ ‘ಗಾರ್ಮ್: ಎ ಹಾಸ್ಟೇಜ್’ ಕತೆಯಲ್ಲಿ ಸಾಹೇಬರ ನಾಯಿಗಳಾದ ವಿಕ್ಸನ್ ಮತ್ತು ಗಾರ್ಮ್‌ಗೆ ಹೆಸರಿದೆ, ಹಾಸಿಗೆಯಿದೆ, ವಿರಹವೂ ಇದೆ. ಇಲ್ಲಿನ ಬೀದಿಯ ನಾಯಿಗೆ ಇವು ಯಾವುವೂ ಇಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ‘ಇಎಚ್‌ಎ’ ಎಂಬ ಹೆಸರಿನಲ್ಲಿ ಬರೆದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಸತಾರಾದಲ್ಲಿ ಹುಟ್ಟಿದವನು, ಆದರೂ ಇಲ್ಲಿ ಸಾಹೇಬನಾಗಿಯೇ ಬದುಕಿದವನು. ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರಿಯಲ್ಲಿ ಉತ್ತರ ಕನ್ನಡದಲ್ಲಿಯೂ ಇದ್ದ. 1883ರ ‘ದಿ ಟ್ರೈಬ್ಸ್ ಆನ್ ಮೈ ಫ್ರಂಟಿಯರ್’ ಪುಸ್ತಕದಲ್ಲಿ ಬಂಗಲೆಯ ಸುತ್ತಲಿನ ಇಲಿ, ಕಾಗೆ, ಇರುವೆಗಳನ್ನು ಗಡಿಯ ಬುಡಕಟ್ಟುಗಳಂತೆ ತಮಾಷೆಯಾಗಿ ವರ್ಣಿಸುತ್ತಾನೆ. ಆರು ವರ್ಷಗಳ ನಂತರ ಬಂದ ‘ಬಿಹೈಂಡ್ ದಿ ಬಂಗಲೋ’ದಲ್ಲಿ ಅದೇ ತಮಾಷೆಯ ಕಣ್ಣು ಮನೆಯ ಆಳುಗಳ ಮೇಲೆ ಬೀಳುತ್ತದೆ. ಅದರಲ್ಲಿ ಒಂದು ಅಧ್ಯಾಯದ ಹೆಸರು ‘ದಿ ಡಾಗ್-ಬಾಯ್’. ಸಾಹೇಬರ ನಾಯಿಗೆ ಉಣಿಸಿ, ತಿರುಗಾಡಿಸುವ ಹುಡುಗ. ಏಟ್ಕನ್ ಸೊಗಸಾದ ಬರಹಗಾರ, ಓದುತ್ತ ನಾನೂ ನಕ್ಕಿದ್ದೇನೆ. ಆದರೆ ಆ ಶೀರ್ಷಿಕೆಯ ಮುಂದೆ ನಿಂತು ಯೋಚಿಸಬೇಕು. ಅಲ್ಲಿ ನಾಯಿ ಸಾಹೇಬರದು. ಹುಡುಗನ ಗುರುತೂ ಸಾಹೇಬರ ನಾಯಿಯಿಂದಲೇ ಬಂದದ್ದು.

ಇಲ್ಲಿ ನನಗೆ ನೆನಪಾಗುವುದು ಕುವೆಂಪು ಅವರ ನಾಯಿಗುತ್ತಿ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಗೂ ನಾಯಿಯಿಂದಲೇ ಹೆಸರು ಬಂದಿದೆ. ಅವನೂ ಜೀತದ ಆಳು, ಹೊಲೆಯರವನು. ‘ಡಾಗ್-ಬಾಯ್’ ಮತ್ತು ‘ನಾಯಿಗುತ್ತಿ’ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಬಗೆಯ ಹೆಸರುಗಳಂತೆ ಕಾಣುತ್ತವೆ, ಆದರೆ ಅಲ್ಲ. ಹುಲಿಯ ಗುತ್ತಿಯದೇ ನಾಯಿ. ಭೂಮಿ, ದುಡಿಮೆ, ಮದುವೆ, ಯಾವುದರ ಮೇಲೂ ಹಕ್ಕಿಲ್ಲದ ಮನುಷ್ಯನೊಬ್ಬ ಇದು ನನ್ನದು ಎಂದು ಹೇಳಬಹುದಾದದ್ದು ಆ ನಾಯಿಯೊಂದನ್ನೇ. ಕೊನೆಯಲ್ಲಿ ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋದಾಗ ನಮಗೆ ಅಷ್ಟು ಸಂಕಟವಾಗುವುದು ಅದಕ್ಕೇ. ಗುತ್ತಿಯನ್ನು ಬಿಟ್ಟು ಹುಲಿಯನ ಕತೆಯನ್ನು ಹೇಳಲು ಸಾಧ್ಯವಿಲ್ಲ. ನಾಯಿಯ ಬಗೆಗಿನ ಒಳ್ಳೆಯ ಬರವಣಿಗೆಯನ್ನು ನಾನು ಅಳೆಯುವುದು ಇದರಿಂದ: ಲೇಖಕ ಬರುವ ಮುಂಚೆ ಅದಕ್ಕೆ ಯಾರು ಅನ್ನ ಹಾಕುತ್ತಿದ್ದರು, ಹೋದಮೇಲೆ ಯಾರು ಹಾಕುತ್ತಾರೆ ಎಂಬುದು ಬರಹಕ್ಕೆ ಗೊತ್ತಿದೆಯೇ?

ವಿದೇಶೀಯರ ಬರಹವೆಲ್ಲ ಈ ಪರೀಕ್ಷೆಯಲ್ಲಿ ಸೋಲುತ್ತದೆ ಎಂದಲ್ಲ. ಲಾಹೋರಿನ ಮ್ಯೂಸಿಯಮ್ಮಿನಲ್ಲಿ ಕ್ಯುರೇಟರ್ ಆಗಿದ್ದ ಲಾಕ್‌ವುಡ್ ಕಿಪ್ಲಿಂಗ್, ರಡ್ಯಾರ್ಡನ ತಂದೆ, 1891ರಲ್ಲಿ ‘ಬೀಸ್ಟ್ ಅಂಡ್ ಮ್ಯಾನ್ ಇನ್ ಇಂಡಿಯಾ’ ಪ್ರಕಟಿಸಿದ. ಸಾಹೇಬರ ತೀರ್ಪುಗಾರಿಕೆ ಅದರಲ್ಲೂ ಇದೆ. ಆದರೆ ನಾಯಿ, ಬೆಕ್ಕು, ಕತ್ತೆ, ಎಮ್ಮೆಗಳೆಲ್ಲ ಅಲ್ಲಿ ಜನರ ಗಾದೆಗಳ ಜೊತೆಗೇ ಬರುತ್ತವೆ. ಪ್ರಾಣಿಯನ್ನು ನೋಡಬೇಕಾದರೆ ಅದರ ಸುತ್ತಲಿನ ಮಾತನ್ನು ಕೇಳಬೇಕು ಎಂಬುದು ಮಗನಿಗಿಂತ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾವು ನೋಡಿಯೂ ನೋಡದಂತೆ ದಾಟಿಹೋಗುವುದನ್ನು ಹೊರಗಿನವರು ನಿಂತು ನೋಡುತ್ತಾರೆ. 1959ರಲ್ಲಿ ಭಾರತಕ್ಕೆ ಬಂದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳಿಗೆ ಆಶ್ರಯ ಕಟ್ಟಿದರು. 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಸಂಸ್ಥೆ ಹುಟ್ಟಿದ್ದೂ ಅವರಿಂದ. ಗಾಯಗೊಂಡ ನಾಯಿಗೆ ಬೇಕಾದದ್ದು ಔಷಧಿ, ವಸಾಹತೋತ್ತರ ವಿಮರ್ಶೆಯಲ್ಲ. ಬೀದಿಯ ಮಮತೆಯೂ ಮುಗ್ಧವೇನಲ್ಲ. ಅನ್ನ ಹಾಕುವ ಬೀದಿಯೇ ಕಲ್ಲನ್ನೂ ಎಸೆಯುತ್ತದೆ. ರೇಬೀಸ್ ಇರುವ ದೇಶದಲ್ಲಿ ಬೀದಿನಾಯಿಯ ಸ್ನೇಹದ ಬೆಲೆಯನ್ನು ಕೆಲವೊಮ್ಮೆ ಚಪ್ಪಲಿಯಿಲ್ಲದೆ ಆಡುವ ಮಕ್ಕಳು ತೆರುತ್ತಾರೆ. ಇದನ್ನು ಮರೆತ ಪ್ರಾಣಿಪ್ರೀತಿಯ ಬರಹವೂ ಅರ್ಧ ಬರಹವೇ.

ನಮ್ಮ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಅವಳು ಬಳಸಿದ ಎರಡು ಕ್ರಿಯಾಪದಗಳು. ನಾಯಿಗಳ ‘ಸ್ನೇಹ ಮಾಡಿದೆ’, ಬೆಕ್ಕುಗಳನ್ನು ‘ದತ್ತು ತೆಗೆದುಕೊಂಡೆ’. ದತ್ತು ಎಂದರೆ ಕಾಗದಪತ್ರ. ಬೆಕ್ಕುಗಳಿಗೆ ಮೈಕ್ರೋಚಿಪ್ ಆಯಿತು, ರೇಬೀಸ್ ಲಸಿಕೆ ಆಯಿತು, ರಕ್ತಪರೀಕ್ಷೆ ಆಗಿ ಮೂರು ತಿಂಗಳು ಕಾದು ಅವು ವಿಮಾನ ಹತ್ತಿದವು. ಸ್ನೇಹಕ್ಕೆ ಕಾಗದವಿಲ್ಲ, ಹಾಗಾಗಿ ನಾಯಿಗಳು ಇಲ್ಲೇ ಉಳಿದವು. ಕನ್ನಡದಲ್ಲಿ ಬೆಕ್ಕನ್ನು ‘ಸಾಕುತ್ತೇವೆ’. ಬೀದಿನಾಯಿಯ ವಿಷಯದಲ್ಲಿ ಆ ಪದವನ್ನೂ ಬಳಸುವುದಿಲ್ಲ, ‘ಅನ್ನ ಹಾಕ್ತೀನಿ’ ಎನ್ನುತ್ತೇವೆ ಅಷ್ಟೆ. ಯಾರದೆಂದು ಯಾರೂ ಹೇಳದ, ಹಾಗೆಂದು ಅನಾಥವೂ ಅಲ್ಲದ ಈ ಸಂಬಂಧಕ್ಕೆ ಅವಳ ಇಂಗ್ಲಿಷಿನಲ್ಲಿ ಪದವಿರಲಿಲ್ಲ. ಪದವಿಲ್ಲದ್ದರಿಂದ ಅದನ್ನು ಇಟ್ಟುಕೊಂಡಿದ್ದ ಹೆಂಗಸೂ ಅವಳಿಗೆ ಕಾಣಲಿಲ್ಲ ಎಂದು ನಾನು ತೀರ್ಮಾನಿಸಿದೆ.

ಹೊರಡುವ ಹಿಂದಿನ ದಿನ ಇದನ್ನೆಲ್ಲ ಅವಳಿಗೆ ಹೇಳಿದೆ. ಬೇಸರಪಟ್ಟುಕೊಳ್ಳಲಿಲ್ಲ, ಪೆನ್ನು ತೆಗೆದುಕೊಂಡು ಕೇಳಿದಳು, “ಸರಿ, ಸೇರಿಸುತ್ತೇನೆ. ಆಕೆಯ ಹೆಸರೇನು?”

ನನಗೆ ಗೊತ್ತಿರಲಿಲ್ಲ. ಎಂಟು ವರ್ಷಗಳಿಂದ ಅವಳ ಹತ್ತಿರ ಹೂ ತೆಗೆದುಕೊಳ್ಳುತ್ತಿದ್ದೇನೆ. ನನ್ನ ವಿಮರ್ಶೆಯಲ್ಲೂ ಅವಳು ಬರೀ ‘ಹೂವಿನವಳು’.

ಅವಳು ಹೋದ ಒಂದು ವಾರಕ್ಕೆ ತಿರುವಿನಲ್ಲಿ ನಿಂತು ಹೆಸರು ಕೇಳಿದೆ. ಹೇಳಿದಳು. ಮೊಳ ಹಾಕುತ್ತಲೇ ಮಾತು ಮುಂದುವರಿಸಿದಳು, “ನಾ ಕರಿಯ ಅಂದ್ರೂ ಬರೋದು, ಆ ಹುಡುಗಿ ಬಿಸ್ಕತ್ ಅಂದ್ರೂ ಬರೋದು. ಅದಕ್ಕೇನು, ಎರಡು ಮನೆ ಇದ್ದಂಗೆ. ಈಗ ಸಂಜೆ ಆದ್ರೆ ಸಾಕು, ನಿಮ್ಮ ಗೇಟಿನ ಮುಂದೆ ಹೋಗಿ ಮಹಡಿ ನೋಡ್ತಾ ಕೂತಿರ್ತದೆ. ನೀವು ನೋಡಿಲ್ವಾ?”

ನಾನು ನೋಡಿರಲಿಲ್ಲ.