ಆಪತ್ತು ಮತ್ತು ಶೀಲ: ಕಮೂ ಅವರ ‘ಪ್ಲೇಗ್’ ಕಾದಂಬರಿ

ಆಪತ್ತು ಮನುಷ್ಯನನ್ನು ಶುದ್ಧಗೊಳಿಸುತ್ತದೆ ಎಂಬ ಮಾತು ನಮ್ಮಲ್ಲಿ ರೂಢಿಗತವಾಗಿದೆ. ಪುಟವಿಟ್ಟ ಚಿನ್ನದ ದೃಷ್ಟಾಂತವನ್ನು ಅದಕ್ಕೆ ಜೋಡಿಸುವುದೂ ಉಂಟು. ಆದರೆ ಚಿನ್ನವನ್ನು ಶೋಧಿಸುವ ಬೆಂಕಿಯೇ ಕಟ್ಟಿಗೆಯನ್ನು ಬೂದಿ ಮಾಡುತ್ತದೆ. ಇಡೀ ಊರಿಗೆ ಒದಗಿದ ದುರಂತದಿಂದ ವ್ಯಕ್ತಿಯ ಶೀಲ ನಿಜವಾಗಿ ಮಾರ್ಪಡುವುದೇ, ಅಥವಾ ಮೊದಲೇ ಇದ್ದುದು ಬಯಲಾಗುವುದೇ? ಈ ಪ್ರಶ್ನೆಯನ್ನು ಸರಳವಾಗಿ ಉತ್ತರಿಸಲೊಪ್ಪದ ಕೃತಿ ಫ್ರೆಂಚ್ ಲೇಖಕ ಆಲ್ಬೇರ್ ಕಮೂ ಅವರ ‘ಪ್ಲೇಗ್’. 1947ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು 2020ರ ಕೋವಿಡ್ ಕಾಲದಲ್ಲಿ ಜಗತ್ತಿನ ಅನೇಕ ಕಡೆ ಜನ ಮರಳಿ ಕೈಗೆತ್ತಿಕೊಂಡರು.

ಕಥೆ ನಡೆಯುವುದು ಅಂದು ಫ್ರೆಂಚರ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದ ಓರಾನ್ ನಗರದಲ್ಲಿ. ಇಲಿಗಳು ಬೀದಿಗೆ ಬಂದು ಸಾಯುತ್ತವೆ, ಬಳಿಕ ಮನುಷ್ಯರು, ಕೊನೆಗೆ ನಗರದ ಬಾಗಿಲುಗಳೇ ಮುಚ್ಚಲ್ಪಡುತ್ತವೆ. ಹೊರಗೆ ಹೋಗಲಾಗದ ಆ ಊರಿನೊಳಗೆ ಒಬ್ಬೊಬ್ಬನ ಶೀಲವೂ ಪರೀಕ್ಷೆಗೆ ಒಳಗಾಗುತ್ತದೆ.

ಧರ್ಮಪೀಠದಿಂದ ಉಪದೇಶ ಮಾಡುವ ನಮ್ಮಂಥವರು ಮುಖ್ಯವಾಗಿ ಗಮನಿಸಬೇಕಾದುದು ಪಾದ್ರಿ ಪನೆಲೂ ಅವರ ಪಾತ್ರವನ್ನು. ಇವರು ಜೆಸ್ಯೂಟ್ ಪಂಥದ ವಿದ್ವಾಂಸರು. ರೋಗ ಹಬ್ಬಿದ ಆರಂಭದಲ್ಲಿ, ಇದು ನಿಮ್ಮ ಪಾಪಕ್ಕೆ ಬಂದ ದಂಡನೆ ಎಂದು ತುಂಬಿದ ಸಭೆಗೆ ಗರ್ಜಿಸುತ್ತಾರೆ. ಅವರು ಜನರ ಸಾವನ್ನು ಸಮೀಪದಿಂದ ಸಾಕಷ್ಟು ಕಂಡಿಲ್ಲವೆಂಬುದೇ ವೈದ್ಯ ರಿಯೂ ಮಾಡುವ ಟೀಕೆ. ಮುಂದೆ ಪನೆಲೂ ಸೇವಾದಳಕ್ಕೆ ಸೇರುತ್ತಾರೆ. ನ್ಯಾಯಾಧೀಶ ಒತೋನ್ ಅವರ ಎಳೆಯ ಮಗ ಹೊಸ ಸೀರಮ್ಮಿನ ಚಿಕಿತ್ಸೆಯ ನಡುವೆಯೂ ನರಳಿ ಪ್ರಾಣ ಬಿಡುವುದನ್ನು ಹಾಸಿಗೆಯ ಬಳಿ ನಿಂತು ನೋಡುತ್ತಾರೆ. ಬಳಿಕ ಅವರು ಮಾಡುವ ಎರಡನೆಯ ಉಪದೇಶದಲ್ಲಿ ‘ನೀವು’ ಎಂಬ ಪದ ಹೋಗಿ ‘ನಾವು’ ಬಂದಿರುತ್ತದೆ. ಒಂದು ಸರ್ವನಾಮದ ಈ ಬದಲಾವಣೆಯಲ್ಲಿ ಒಬ್ಬ ಮನುಷ್ಯನ ಒಳಗಿನ ಕುಸಿತವನ್ನೂ ಬೆಳವಣಿಗೆಯನ್ನೂ ತೋರಿಸಿರುವುದು ಕಮೂ ಅವರ ಪ್ರತಿಭೆಗೆ ಸಾಕ್ಷಿ.

ಆದರೂ ಈ ಮಾರ್ಪಾಡು ಪೂರ್ಣವಾದುದೆಂದು ಹೇಳಲಾಗದು. ಮೊದಲು ಜನರ ಪಾಪವನ್ನು ಹಿಡಿದಿದ್ದ ಅದೇ ಹಟ, ಈಗ ಎಲ್ಲವನ್ನೂ ಒಪ್ಪು, ಇಲ್ಲವೇ ಎಲ್ಲವನ್ನೂ ಬಿಡು ಎಂಬ ಭಕ್ತಿಯ ರೂಪ ತಳೆಯುತ್ತದೆ. ತಾವು ಕಾಯಿಲೆ ಬಿದ್ದಾಗ ಅವರು ವೈದ್ಯನನ್ನು ಕರೆಸಲು ಒಪ್ಪುವುದಿಲ್ಲ. ಶಿಲುಬೆಯನ್ನು ಹಿಡಿದೇ ಸಾಯುತ್ತಾರೆ. ಅವರ ಮಾತು ಬದಲಾಯಿತು, ಮನದ ಬಿಗುಪು ಉಳಿಯಿತು.

ಇದಕ್ಕಿಂತ ಸದ್ದಿಲ್ಲದ, ಆದರೆ ಹೆಚ್ಚು ಸತ್ಯವಾದ ಬದಲಾವಣೆ ಒತೋನ್ ಅವರದು. ಮನೆಯಲ್ಲಿಯೂ ಶಿಷ್ಟಾಚಾರ ಬಿಡದ ಆ ಶುಷ್ಕ ಮನುಷ್ಯ, ಮಗನ ಸಾವಿನ ನಂತರ ಪ್ರತಿಬಂಧಕ ಶಿಬಿರದಿಂದ ಬಿಡುಗಡೆಯಾದರೂ ಅಲ್ಲಿಗೇ ಸ್ವಯಂಸೇವಕನಾಗಿ ಮರಳಲು ಇಚ್ಛಿಸುತ್ತಾನೆ. ಅಲ್ಲಿ ದುಡಿದರೆ ಮಗನಿಂದ ಅಷ್ಟು ದೂರವಾಗಿರಲಾರೆನೆಂಬುದು ಅವನ ಭಾವ. ದುಃಖ ಇಲ್ಲಿ ದುಡಿಮೆಯಾಗಿದೆ. ಪ್ರೇಯಸಿಯ ಬಳಿಗೆ ಓಡಿಹೋಗಲು ಹವಣಿಸಿದ ಪತ್ರಕರ್ತ ರಾಂಬೇರ್, ದಾರಿ ತೆರೆದಾಗ ಹೋಗದೆ ಉಳಿದುದೂ ಇದೇ ಬಗೆಯದು. ಇವರಿಗೆ ಪ್ರತಿಯಾಗಿ ಕೊತಾರ್ ಇದ್ದಾನೆ. ಎಲ್ಲರೂ ಭಯದಲ್ಲಿರುವಾಗ ನೆಮ್ಮದಿ ಕಂಡು ಕಳ್ಳವ್ಯಾಪಾರದಲ್ಲಿ ಲಾಭ ಗಳಿಸಿದ ಇವನು, ಪ್ಲೇಗ್ ಕಳೆದ ಮೇಲೆ ಬೀದಿಯ ಜನರ ಮೇಲೆ ಗುಂಡು ಹಾರಿಸುತ್ತಾನೆ. ವಿಪತ್ತು ಒಂದೇ, ಫಲ ಬೇರೆಬೇರೆ. ಆದ್ದರಿಂದ ಬದಲಾವಣೆಗೆ ಕಾರಣ ವಿಪತ್ತಲ್ಲ; ಅದರ ನಡುವೆ ಪರರ ನೋವಿಗೆ ಕೈಜೋಡಿಸುವ ನಿರ್ಧಾರ.

ಕೃತಿಗೆ ಕೊರತೆಯೂ ಇದೆ. ರಾಂಬೇರ್ ಓರಾನಿಗೆ ಬಂದುದೇ ಅರಬ್ಬರ ಜೀವನಸ್ಥಿತಿಯನ್ನು ಅರಿಯಲು. ಆದರೆ ಕಾದಂಬರಿ ಮುಂದುವರಿದಂತೆ ಅರಬ್ಬರು ಕಾಣೆಯಾಗುತ್ತಾರೆ. ಇಡೀ ಊರಿನ ಕಥೆಯೆಂದು ಹೇಳಿಕೊಂಡ ಬರಹ ಊರಿನ ದೊಡ್ಡ ಭಾಗವನ್ನೇ ಮರೆತಿರುವುದು ಸಣ್ಣ ಲೋಪವಲ್ಲ.

ಬಾಗಿಲು ತೆರೆದ ದಿನ ಜನ ಕುಣಿಯುತ್ತಾರೆ, ಹಿಂದಿನಂತೆಯೇ ಬಾಳತೊಡಗುತ್ತಾರೆ. ರೋಗಾಣು ಸಾಯದೆ ಎಲ್ಲೋ ಅಡಗಿರುತ್ತದೆಂಬುದನ್ನು ರಿಯೂ ಒಬ್ಬನೇ ನೆನೆಯುತ್ತಾನೆ. ಸಮೂಹ ಬೇಗ ಮರೆಯುತ್ತದೆ, ಬದಲಾಗುವವರು ಕೆಲವರೇ. ಆ ಕೆಲವರಲ್ಲಿ ನಾವಿದ್ದೇವೆಯೇ ಎಂಬುದನ್ನು ನೊಂದವರ ಮುಂದೆ ನಿಂತಾಗ ನಮ್ಮ ಬಾಯಿಂದ ಬರುವ ಮೊದಲ ಪದವೇ ಹೇಳುತ್ತದೆ: ‘ನೀವು’ ಎಂದೋ, ‘ನಾವು’ ಎಂದೋ. ಸದ್ಭಕ್ತರು ಈ ಕೃತಿಯನ್ನು ಓದಿ ಮನನ ಮಾಡುವುದು ಶ್ರೇಯಸ್ಕರ.