ಪಾದ್ರಿ ಬದಲಾದಾಗ
ಅಚೆಬೆಯ ಎರಡು ಕಾದಂಬರಿಗಳ ಮರುಓದು

ನೈಜೀರಿಯದ ಕಾದಂಬರಿಕಾರ ಚಿನುವಾ ಅಚೆಬೆಯ ಮಾತು ಬಂದಾಗಲೆಲ್ಲ ನಮ್ಮ ಸಾಹಿತ್ಯಕೂಟಗಳಲ್ಲಿ ಒಂದೇ ತೀರ್ಪು ಕೇಳಿಬರುತ್ತದೆ: ಬಿಳಿಯರು ಬಂದರು, ಶಿಲುಬೆ ಬಂತು, ಹಿಂದೆಯೇ ಕೋರ್ಟು ಕಚೇರಿ ಬಂದವು, ಹಳ್ಳಿ ಮುರಿದು ಬಿತ್ತು. 1958ರಲ್ಲಿ ಪ್ರಕಟವಾದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ಬಗ್ಗೆ ಈ ಮಾತು ಸುಳ್ಳೇನಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಆ ಪುಸ್ತಕದ ಅರ್ಧಭಾಗವನ್ನು ನಾವು ಓದದೆ ಬಿಟ್ಟಂತೆ. ಅಲ್ಲಿ ಮುರಿಯುವ ಒಂದು ಸಮುದಾಯವಿರುವಂತೆ, ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಇನ್ನೊಂದು ಸಮುದಾಯವೂ ಇದೆ. ಅದೇ ಕ್ರೈಸ್ತಸಭೆ. ಅದಕ್ಕೂ ಅದರದೇ ಆದ ಕಷ್ಟಗಳಿವೆ, ಒಳಜಗಳಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಾಳು ಬದಲಾದಾಗ ಏನಾಗುತ್ತದೆ ಎಂಬ ಪ್ರಶ್ನೆಯಿದೆ. ಈ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನೇ ಹಿಡಿದು, ಈ ಕಾದಂಬರಿಯನ್ನೂ 1964ರ ‘ಆರೋ ಆಫ್ ಗಾಡ್’ ಕಾದಂಬರಿಯನ್ನೂ ನೋಡಬಯಸುತ್ತೇವೆ.

ಅಚೆಬೆಗೆ ಈ ವಿಷಯ ದೂರದ್ದಲ್ಲ. 1930ರಲ್ಲಿ ಹುಟ್ಟಿದ ಆತನ ತಂದೆ ಆಂಗ್ಲಿಕನ್ ಮಿಷನ್ನಿನ ಉಪದೇಶಿ. ಮನೆಯಲ್ಲಿ ಬೈಬಲ್ಲು, ಪಕ್ಕದಲ್ಲೇ ಹಳೆಯ ದೇವರುಗಳಿಗೆ ನಡೆದುಕೊಳ್ಳುವ ನೆಂಟರು. ಎರಡು ಕಡೆಯ ಊಟದ ರುಚಿಯನ್ನೂ ಬಲ್ಲವನು ಬರೆದ ಪುಸ್ತಕಗಳಿವು. ಆದ್ದರಿಂದಲೇ ಇಲ್ಲಿ ಪಾದ್ರಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಖಳರಲ್ಲ.

ಮೊದಲ ಕಾದಂಬರಿಯಲ್ಲಿ ಸಭೆಯ ಮುಂದಾಳುಗಳು ಮೂವರು. ಎಂಬಾಂಟ ಎಂಬ ಹಳ್ಳಿಯಲ್ಲಿ ಕಿಯಾಗ ಎಂಬ ಇಬೊ ಜನಾಂಗದವನೇ ಉಪದೇಶಿ. ಪ್ರಾರ್ಥನಾಮಂದಿರಕ್ಕೆ ಜಾಗ ಕೇಳಿದಾಗ ಊರಿನ ಹಿರಿಯರು ಅವನ ಕಡೆಯವರಿಗೆ ಕೇಡಿನ ಕಾಡನ್ನು ತೋರಿಸುತ್ತಾರೆ. ಕೆಟ್ಟ ರೋಗದಿಂದ ಸತ್ತವರನ್ನು ಎಸೆಯುವ ಜಾಗ ಅದು. ನಾಲ್ಕು ದಿನದಲ್ಲಿ ಸಾಯುತ್ತಾರೆ ಎಂದುಕೊಂಡದ್ದು ಇಪ್ಪತ್ತೆಂಟು ದಿನಕ್ಕೆ ಮುಂದೆ ಹೋಗುತ್ತದೆ. ಆ ಗಡುವೂ ಕಳೆದು ಯಾರೂ ಸಾಯದಿದ್ದಾಗ ಸಭೆಗೆ ಜನ ಸೇರತೊಡಗುತ್ತಾರೆ. ಅವಳಿ ಮಕ್ಕಳನ್ನು ಹೆತ್ತು ಹೆತ್ತು ಕಾಡಿಗೆ ಎಸೆಯಬೇಕಾಗಿ ಬಂದ ಗರ್ಭಿಣಿಯೊಬ್ಬಳು ಬರುತ್ತಾಳೆ. ಕಥಾನಾಯಕ ಒಕೊಂಕ್ವೊನ ಮಗ ನ್ವೋಯೆ ಬರುತ್ತಾನೆ. ಕೊನೆಗೆ, ದೇವರಿಗೆ ಬಿಟ್ಟವರು ಎಂದು ಊರು ದೂರವಿಟ್ಟ ‘ಓಸು’ ಜಾತಿಯವರೂ ಬಾಗಿಲಲ್ಲಿ ನಿಲ್ಲುತ್ತಾರೆ.

ಇಲ್ಲಿ ಸಭೆಗೆ ನಿಜವಾದ ಪರೀಕ್ಷೆ ಎದುರಾಗುತ್ತದೆ. ಹೊಸದಾಗಿ ಸೇರಿದವರೇ ಓಸುಗಳನ್ನು ಸೇರಿಸಿಕೊಳ್ಳಬಾರದೆಂದು ಎದ್ದು ನಿಲ್ಲುತ್ತಾರೆ. ನೆರೆಹೊರೆಯವರು ಏನೆಂದಾರು ಎಂಬುದು ಅವರ ಹೆದರಿಕೆ. ಧರ್ಮ ಬದಲಾದರೂ ಪಂಕ್ತಿಭೇದ ಬದಲಾಗಲಿಲ್ಲ. ಈ ಮಾತು ನಮ್ಮ ದೇಶದ ಸಭೆಗಳಿಗೂ ಚೆನ್ನಾಗಿ ಗೊತ್ತು. ಕಿಯಾಗ ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ. ಓಸುಗಳು ತಮ್ಮ ಗುರುತಾದ ಜಡೆಗಟ್ಟಿದ ಕೂದಲನ್ನು ತೆಗೆಸಬೇಕೆಂದು ಮಾತ್ರ ಹೇಳುತ್ತಾನೆ. ತೆಗೆಸಿದರೆ ಸಾಯುತ್ತೇವೆಂದು ಅವರು ನಡುಗಿದಾಗ ಧೈರ್ಯ ತುಂಬುತ್ತಾನೆ. ಒಬ್ಬ ಸಭೆ ಬಿಟ್ಟು ಹೋಗುತ್ತಾನೆ, ಮಿಕ್ಕವರು ಉಳಿಯುತ್ತಾರೆ.

ಎರಡನೆಯವನು ಉಮುವೋಫಿಯದ ಬಿಳಿಯ ಪಾದ್ರಿ ಬ್ರೌನ್. ಊರಿನ ದೊಡ್ಡ ಮನುಷ್ಯನಾದ ಅಕುನ್ನನ ಮನೆಗೆ ಹೋಗಿ, ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು ದೇವರ ವಿಷಯ ಗಂಟೆಗಟ್ಟಲೆ ಮಾತಾಡುತ್ತಾನೆ. ಅವನು ಇವನನ್ನು ಒಪ್ಪಿಸಲಿಲ್ಲ, ಇವನು ಅವನನ್ನು ಒಪ್ಪಿಸಲಿಲ್ಲ. ಆದರೂ ಇಬ್ಬರೂ ಸ್ವಲ್ಪ ತಿಳಿದುಕೊಂಡೇ ಎದ್ದರು. ಬ್ರೌನ್ ಶಾಲೆ ಕಟ್ಟುತ್ತಾನೆ, ಆಸ್ಪತ್ರೆ ಕಟ್ಟುತ್ತಾನೆ, ತನ್ನವರ ಅತಿ ಉತ್ಸಾಹಕ್ಕೆ ಲಗಾಮು ಹಾಕುತ್ತಾನೆ. ಆರೋಗ್ಯ ಕೆಟ್ಟು ಊರು ಬಿಟ್ಟು ಹೋಗುತ್ತಾನೆ. ಅವನ ಜಾಗಕ್ಕೆ ಬಂದವನೇ ಮೂರನೆಯವನು, ರೆವರೆಂಡ್ ಜೇಮ್ಸ್ ಸ್ಮಿತ್.

ಸ್ಮಿತ್‌ಗೆ ಲೋಕ ಎರಡೇ ಬಣ್ಣದ್ದು, ಕಪ್ಪು ಮತ್ತು ಬಿಳುಪು. ಬಂದ ಕೆಲವೇ ವಾರಗಳಲ್ಲಿ, ಸತ್ತ ಮಗುವಿನ ದೇಹಕ್ಕೆ ಗಂಡ ಹಳೆಯ ಪದ್ಧತಿಯಂತೆ ಗಾಯ ಮಾಡಲು ಬಿಟ್ಟಳೆಂದು ಒಬ್ಬ ತಾಯಿಯನ್ನು ಸಭೆಯಿಂದ ಹೊರಗಿಡುತ್ತಾನೆ. ಬ್ರೌನನ ಕೈಕೆಳಗೆ ಮುಖ ಗಂಟಿಕ್ಕಿಕೊಂಡಿದ್ದ ಉಗ್ರರಿಗೆ ಈಗ ಸುಗ್ಗಿ. ಅವರಲ್ಲಿ ಎನಾಕ್ ಎಂಬವನು, ಭೂದೇವಿಯ ಹಬ್ಬದ ದಿನ, ಪಿತೃಗಳೇ ಬಂದರೆಂದು ಊರು ನಂಬುವ ವೇಷಧಾರಿಯೊಬ್ಬನ ಮುಖವಾಡವನ್ನು ಎಲ್ಲರೆದುರು ಕಿತ್ತೊಗೆಯುತ್ತಾನೆ. ಭೂತಕೋಲವನ್ನು ಕಂಡು ಬೆಳೆದ ತುಳುನಾಡಿನ ನಮ್ಮ ಓದುಗರಿಗೆ ಇದರ ಭಾರ ಏನೆಂದು ವಿವರಿಸಬೇಕಾಗಿಲ್ಲ. ಬಣ್ಣದ ಹಿಂದಿರುವವನು ಯಾರೆಂದು ಊರಿಗೆಲ್ಲ ಗೊತ್ತು; ಗೊತ್ತಿದ್ದೂ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಆ ಮೌನವನ್ನು ಒಡೆದದ್ದಕ್ಕೆ ಊರು ಎನಾಕನ ಮನೆಯನ್ನೂ, ಆಮೇಲೆ ಚರ್ಚನ್ನೂ ನೆಲಸಮ ಮಾಡುತ್ತದೆ.

ಇಷ್ಟನ್ನು ಓದಿ ‘ಸೌಮ್ಯ ಪಾದ್ರಿ ಒಳ್ಳೆಯವನು, ಕಟ್ಟುನಿಟ್ಟಿನ ಪಾದ್ರಿ ಕೆಟ್ಟವನು’ ಎಂದು ತೀರ್ಮಾನಿಸುವುದು ಸುಲಭ. ಶಾಲೆಯ ಟಿಪ್ಪಣಿ ಪುಸ್ತಕಗಳೂ ಹಾಗೆಯೇ ಹೇಳುತ್ತವೆ. ನಾವು ಇದನ್ನು ಒಪ್ಪಲಾರೆವು. ಕಟ್ಟುನಿಟ್ಟೇ ತಪ್ಪಾಗಿದ್ದರೆ ಕಿಯಾಗನೂ ತಪ್ಪಿತಸ್ಥ. ಓಸುಗಳ ವಿಷಯದಲ್ಲಿ ಅವನು ಯಾರಿಗೂ ಬಾಗಲಿಲ್ಲ. ಸೌಮ್ಯವೇ ಸರಿಯಾಗಿದ್ದರೆ ಬ್ರೌನ್ ನಿರ್ದೋಷಿ. ಆದರೆ ಅವನು ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಬೇಡುವಾಗ ಹೇಳಿದ್ದು, ಇಲ್ಲದಿದ್ದರೆ ಹೊರಗಿನವರು ಬಂದು ಆಳುತ್ತಾರೆ ಎಂದು. ಶಾಲೆಯಿಂದ ಹೊರಬಂದ ಹುಡುಗರು ಕೋರ್ಟಿನ ಗುಮಾಸ್ತರಾದರು, ಜವಾನರಾದರು. ಸೌಮ್ಯದ ಹಿಂದೆಯೂ ಸರಕಾರ ನಿಂತಿತ್ತು. ಅಚೆಬೆ ಇದನ್ನು ಗದ್ದಲವಿಲ್ಲದೆ ಹೇಳಿ ಮುಂದೆ ಹೋಗುತ್ತಾನೆ. ನಾವು ಗಮನಿಸದಿದ್ದರೆ ತಪ್ಪು ನಮ್ಮದು.

ಹಾಗಾದರೆ ಅಚೆಬೆಯ ಅಳತೆಗೋಲು ಯಾವುದು? ನಮಗೆ ತೋರುವಂತೆ ಎರಡು. ಮುಂದಾಳಿನ ಕಟ್ಟುನಿಟ್ಟಿಗೆ ಬೆಲೆ ತೆರುವವರು ಯಾರು ಎಂಬುದು ಮೊದಲನೆಯದು. ಕಿಯಾಗನ ಹಟದಿಂದ ಬಾಗಿಲು ಅಗಲವಾಯಿತು. ಅದರ ಕಷ್ಟವನ್ನು ಅವನು ಅಲ್ಲೇ ಇದ್ದು ತಾನೂ ಅನುಭವಿಸಿದ. ಸ್ಮಿತ್‌ನ ಹಟದಿಂದ, ಮಗುವನ್ನು ಕಳೆದುಕೊಂಡ ತಾಯಿಗೆ ಬಾಗಿಲು ಮುಚ್ಚಿತು. ಚರ್ಚು ಉರುಳಿದಾಗ ಅವನು ಜಿಲ್ಲಾ ಅಧಿಕಾರಿಗೆ ದೂರು ಕೊಟ್ಟ. ಮಾತುಕತೆಗೆಂದು ಕರೆಸಿ ಆರು ಜನ ಹಿರಿಯರಿಗೆ ಕೈಕೋಳ ಹಾಕಿದರು, ತಲೆ ಬೋಳಿಸಿದರು. ಅಧಿಕಾರಿ ವಿಧಿಸಿದ ದಂಡ ಇನ್ನೂರು ಚೀಲ ಕವಡೆ; ನಡುವಿನ ಜವಾನರು ಊರಿಗೆ ಹೇಳಿದ್ದು ಇನ್ನೂರೈವತ್ತು. ಅಲ್ಲಿಂದ ಒಕೊಂಕ್ವೊನ ಸಾವಿಗೆ ದಾರಿ ಬಹಳ ದೂರವಿಲ್ಲ.

ಮುಂದಾಳು ಯಾರ ಮಾತು ಕೇಳುತ್ತಾನೆ ಎಂಬುದು ಎರಡನೆಯದು. ಇಲ್ಲಿ ಸ್ಮಿತ್‌ನ ದುಭಾಷಿ ಒಕೆಕೆಯ ಪುಟ್ಟ ಪಾತ್ರದ ಕಡೆಗೆ ಓದುಗರ ಗಮನ ಸೆಳೆಯುತ್ತೇವೆ. ಎನಾಕನನ್ನು ಪಾದ್ರಿಯ ಮನೆಯಲ್ಲಿ ಬಚ್ಚಿಡುವುದು ಸರಿಯಲ್ಲ ಎಂದು ಹಿಂದಿನ ರಾತ್ರಿ ಬಾಯಿಬಿಟ್ಟು ಹೇಳಿ ಬೈಸಿಕೊಂಡವನು ಅವನು. ಮರುದಿನ ಬೆಳಗ್ಗೆ ಪಾದ್ರಿ ಅವನ ಸಲಹೆಯನ್ನೇ ಕೇಳಲಿಲ್ಲ. ಆದರೆ ಮುಖವಾಡಗಳ ದಂಡು ಬಂದು ಸುತ್ತುವರಿದಾಗ ಪಾದ್ರಿಯ ಪಕ್ಕದಲ್ಲಿ ಬಂದು ನಿಂತವನು ಒಕೆಕೆಯೇ. ಇಲ್ಲಿಂದ ತೊಲಗಿ ಎಂದು ಸ್ಮಿತ್ ಗುಡುಗಿದರೆ, ನೀವು ಗೆಳೆಯರಂತೆ ದೂರು ತಂದದ್ದು ಅವರಿಗೆ ಸಂತೋಷ, ವಿಷಯವನ್ನು ಅವರ ಕೈಗೆ ಬಿಡಬೇಕಂತೆ ಎಂಬ ಅರ್ಥದಲ್ಲಿ ಒಕೆಕೆ ಊರವರಿಗೆ ತಿಳಿಸುತ್ತಾನೆ. ಚರ್ಚು ಉಳಿಯಲಿಲ್ಲ, ನಿಜ. ಆದರೆ ಪಾದ್ರಿಯ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಅದಕ್ಕೆ ಊರವರು ಕೊಟ್ಟ ಕಾರಣ, ಹಿಂದಿದ್ದ ಬ್ರೌನನ ಮೇಲಿನ ಪ್ರೀತಿ. ಹೋದವನು ಗಳಿಸಿಟ್ಟ ವಿಶ್ವಾಸವೇ ಬಂದವನ ಜೀವ ಉಳಿಸಿತು.

‘ಆರೋ ಆಫ್ ಗಾಡ್’ ಇದೇ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಇಲ್ಲಿ ನಾಯಕ ಪಾದ್ರಿಯಲ್ಲ, ಉಮುವಾರೊದ ಆರು ಹಳ್ಳಿಗಳ ದೇವರಾದ ಉಲುವಿನ ಪೂಜಾರಿ ಎಜೆವುಲು. ಅಮಾವಾಸ್ಯೆ ಕಳೆದು ಚಂದ್ರ ಕಂಡಾಗ ಒಂದು ಪವಿತ್ರ ಗೆಡ್ಡೆಯನ್ನು ತಿಂದು ತಿಂಗಳನ್ನು ಎಣಿಸುವುದು ಅವನ ಕೆಲಸ. ಎಣಿಕೆ ಮುಗಿದಾಗ ಹೊಸ ಬೆಳೆಯ ಹಬ್ಬ ಸಾರಬೇಕು. ಸರಕಾರದ ಸೆರೆಯಲ್ಲಿದ್ದಾಗ ಎರಡು ಗೆಡ್ಡೆ ಬಾಕಿ ಉಳಿಯುತ್ತವೆ. ಊರಿನ ಹಿರಿಯರು ಬಂದು, ಬಾಕಿ ಗೆಡ್ಡೆ ತಿಂದುಬಿಡು, ಪಾಪ ನಮಗಿರಲಿ ಎಂದರೂ ಅವನು ಕೇಳುವುದಿಲ್ಲ. ದೇವರ ಆಜ್ಞೆಯೋ, ತನ್ನನ್ನು ಕೈಬಿಟ್ಟ ಊರಿನ ಮೇಲಿನ ಸೇಡೋ ಅವನಿಗೇ ತಿಳಿಯದು. ಬೆಳೆ ನೆಲದಲ್ಲೇ ಹಾಳಾಗುತ್ತದೆ, ಊರು ಹಸಿಯುತ್ತದೆ.

ಇದನ್ನು ಓದುವ ಯಾವ ಕನ್ನಡಿಗನಿಗೂ ಅನಂತಮೂರ್ತಿಯವರ ‘ಸಂಸ್ಕಾರ’ ನೆನಪಾಗದಿರದು. ಅದು ಬಂದದ್ದು 1965ರಲ್ಲಿ, ಇದರ ಮರುವರ್ಷ. ಅಲ್ಲಿ ಹೆಣ ಎತ್ತುವವರೆಗೆ ಅಗ್ರಹಾರಕ್ಕೆ ಊಟವಿಲ್ಲ, ಇಲ್ಲಿ ಪೂಜಾರಿ ಬಾಯಿ ಬಿಡುವವರೆಗೆ ಊರಿಗೆ ಬೆಳೆಯಿಲ್ಲ. ಪ್ರಾಣೇಶಾಚಾರ್ಯರು ಗ್ರಂಥದಲ್ಲಿ ಉತ್ತರ ಹುಡುಕುತ್ತಾರೆ, ಎಜೆವುಲು ಎಣಿಕೆಯಲ್ಲಿ. ಎರಡೂ ಕಡೆ ಮುಂದಾಳು ಪ್ರಾಮಾಣಿಕ. ಎರಡೂ ಕಡೆ ಅವನ ಪ್ರಾಮಾಣಿಕತೆಯಿಂದ ಜನರ ಹೊಟ್ಟೆ ತುಂಬಲಿಲ್ಲ. ಆದರೆ ಒಂದು ಭೇದವಿದೆ. ಅನಂತಮೂರ್ತಿಯವರು ಆಚಾರ್ಯರ ಬೆನ್ನು ಹಿಡಿದು ಅಗ್ರಹಾರವನ್ನು ಹಿಂದೆ ಬಿಡುತ್ತಾರೆ. ಅಚೆಬೆ ಊರನ್ನು ಬಿಡುವುದಿಲ್ಲ. ಜನ ಕಡೆಗೆ ಎಲ್ಲಿಗೆ ಹೋದರು ಎಂಬುದನ್ನು ಕಾದು ನೋಡುತ್ತಾನೆ.

ಹೋದದ್ದು ಚರ್ಚಿಗೆ. ನಿಮ್ಮ ಗೆಡ್ಡೆಯನ್ನು ನಮ್ಮ ದೇವರಿಗೆ ಅರ್ಪಿಸಿ, ಉಲುವಿನ ಭಯವಿಲ್ಲದೆ ಅಗೆಯಿರಿ ಎಂದು ಉಪದೇಶಿ ಗುಡ್‌ಕಂಟ್ರಿ ಸಾರುತ್ತಾನೆ. ಸಭೆಯ ಸುಗ್ಗಿಹಬ್ಬಕ್ಕೆ ಅವನು ಕನಸಿನಲ್ಲೂ ಎಣಿಸದಷ್ಟು ಜನ. ಇದನ್ನು ಗೆಲುವೆನ್ನಬೇಕೋ ಬೇಡವೋ ಎಂದು ಅಚೆಬೆ ಹೇಳುವುದಿಲ್ಲ. ಇದೇ ಗುಡ್‌ಕಂಟ್ರಿ ಹಿಂದೆ, ಊರು ಪೂಜಿಸುವ ಹೆಬ್ಬಾವನ್ನು ಕೊಲ್ಲಿರೆಂದು ಹೊಸಬರನ್ನು ಹುರಿದುಂಬಿಸಿದವನು. ಅವನನ್ನು ತಡೆದದ್ದು ಬಡಗಿ ಮೋಸೆಸ್ ಉನಚುಕ್ವು, ಆ ಊರಿನ ಮೊದಲ ಕ್ರೈಸ್ತ. ಹೆಬ್ಬಾವನ್ನು ಕೊಲ್ಲೆಂದು ಬೈಬಲ್ಲಿನಲ್ಲಿ ಎಲ್ಲಿದೆ ಎಂದು ಅವನು ಸಭೆಯಲ್ಲೇ ಕೇಳಿದ. ಕೇಳದೆ ಹೋದಾಗ ಬಿಷಪ್ಪರಿಗೆ ಅರ್ಜಿ ಬರೆಸಿದ. ಮೇಲಿನಿಂದ ತಡೆ ಬಂತು. ಶ್ರದ್ಧೆ ಹೆಚ್ಚಾದದ್ದು ಪರಸ್ಥಳದಿಂದ ಬಂದ ಉಪದೇಶಿಯಲ್ಲಿ, ವಿವೇಕ ಉಳಿದದ್ದು ಊರಿನ ಬಡಗಿಯಲ್ಲಿ.

ಇದು ಕಥೆಗಾರನ ಕಲ್ಪನೆ ಮಾತ್ರವಲ್ಲ. ಗುಲಾಮರ ಹಡಗಿನಿಂದ 1822ರಲ್ಲಿ ಬಿಡುಗಡೆಯಾದ ಹುಡುಗ ಸ್ಯಾಮ್ಯುಯೆಲ್ ಕ್ರೌದರ್ 1864ರಲ್ಲಿ ಆಂಗ್ಲಿಕನ್ ಬಿಷಪ್ಪನಾದ. ಆಫ್ರಿಕನ್ನರನ್ನೇ ಕಟ್ಟಿಕೊಂಡು ನೈಜರ್ ನದಿಯ ಮಿಷನ್ನನ್ನು ನಡೆಸಿದ. 1890ರಲ್ಲಿ ಇಂಗ್ಲೆಂಡಿನಿಂದ ಬಂದ ಎಳೆಯ ಮಿಷನರಿಗಳು ಶುದ್ಧಿಯ ಹೆಸರಿನಲ್ಲಿ ಅವನ ಕೆಲಸಗಾರರನ್ನು ಹೊರಹಾಕಿದರು. ಮುದುಕ ಸಮಿತಿಗೆ ರಾಜೀನಾಮೆ ಕೊಟ್ಟ, ಮರುವರ್ಷದ ಕೊನೆಯ ದಿನ ತೀರಿಕೊಂಡ. ಅವನ ಪೀಠಕ್ಕೆ ಬಂದವನು ಇಂಗ್ಲಿಷಿನವನು. ಬ್ರೌನ್ ಹೋಗಿ ಸ್ಮಿತ್ ಬಂದ ಕಥೆಯ ಹಿಂದೆ ಈ ನೆರಳಿದೆ ಎಂದೇ ನಮ್ಮ ಊಹೆ.

ಕೊರತೆಗಳನ್ನೂ ಹೇಳಬೇಕು. ಸ್ಮಿತ್‌ನ ಚಿತ್ರ ತೀರ ಚಪ್ಪಟೆ. ಇಂಥ ಮನುಷ್ಯನೂ ರಾತ್ರಿ ಮಲಗುವಾಗ ಸಂಶಯಪಟ್ಟಿರಬೇಕು. ಗಾಳಿಯಲ್ಲಿ ಮುಖವಾಡದ ತಾಯಿಯ ಅಳು ಕೇಳಿ ಅವನು ಒಂದು ಕ್ಷಣ ಹೆದರಿದ್ದಷ್ಟೇ ನಮಗೆ ಸಿಗುತ್ತದೆ. ಹೆಚ್ಚಿನ ಕೊರತೆ ಹೆಂಗಸರ ವಿಷಯದಲ್ಲಿ. ಸಭೆಗೆ ಮೊದಲು ಬಂದವರಲ್ಲಿ ಅವಳಿಗಳ ತಾಯಿಯಿದ್ದಳು. ಸಭೆಯಿಂದ ಹೊರಬಿದ್ದವಳು ಮಗು ಸತ್ತ ತಾಯಿ. ಇಬ್ಬರ ಬಾಯಲ್ಲೂ ಒಂದು ಮಾತಿಲ್ಲ. ಈಸ್ಟರಿಗೆ ಮಂದಿರ ಸಾರಿಸಲು ಕೆಮ್ಮಣ್ಣು, ನೀರು ತರಹೋಗಿ ಚಾಟಿಯೇಟು ತಿಂದವರೂ ಹೆಂಗಸರೇ. ಮುಂದಾಳುಗಳ ಕಥೆ ಹೇಳುವ ಭರದಲ್ಲಿ, ಸಭೆಯನ್ನು ನಿಜವಾಗಿ ಹೊತ್ತವರನ್ನು ಅಚೆಬೆ ಕಿಟಕಿಯಿಂದಷ್ಟೇ ತೋರಿಸಿದ.

ನಮ್ಮ ನಾಡಿನಲ್ಲಿಯೂ ಸಭೆಗಳು ಇಂಥ ಹೊಸಿಲನ್ನು ದಾಟಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು, 1914ರಲ್ಲಿ ಯುದ್ಧ ಶುರುವಾದಾಗ ಶತ್ರುದೇಶದವರೆನಿಸಿ ಬಂಧನಕ್ಕೆ ಒಳಗಾದರು. ಆಗ ಸಭೆಗಳನ್ನು ಉಳಿಸಿಕೊಂಡವರಲ್ಲಿ ನಮ್ಮವರೇ ಆದ ಸಭಾಪಾಲಕರು, ಉಪದೇಶಿಗಳು ಇದ್ದರು. ನಮಗೂ ಕಿಯಾಗಗಳಿದ್ದರು, ಒಕೆಕೆಗಳಿದ್ದರು. ಅವರ ಕಾದಂಬರಿಯನ್ನು ಓದುವ ಆಸೆ ನಮ್ಮದು.

ಊರಿನಿಂದ ದೂರ ಬಂದು ನೆಲೆಸಿದ ನಮಗೆ ಈ ಪುಸ್ತಕಗಳು ಇನ್ನೊಂದು ಕಾರಣಕ್ಕೆ ಹತ್ತಿರ. ಇಲ್ಲಿ ನಾವು ಕಟ್ಟಿಕೊಂಡ ಪ್ರಾರ್ಥನಾಕೂಟ, ಭಜನಾಮಂಡಳಿ, ಸಂಘ ಎಲ್ಲವೂ ಯಾರೋ ನಾಲ್ಕು ಜನ ಹಿರಿಯರ ಬೆವರಿನಿಂದ ಆದದ್ದು. ಅವರು ಒಬ್ಬೊಬ್ಬರಾಗಿ ಕುರ್ಚಿ ಬಿಡುವ ಕಾಲ ಬಂದಾಗ, ಹೊಸಬರು ಮೊದಲು ಕೇಳುವುದು ಲೆಕ್ಕಪುಸ್ತಕ ಮತ್ತು ನಿಯಮಾವಳಿ. ಕೇಳಲಿ, ತಪ್ಪಿಲ್ಲ. ಅದರ ಜೊತೆಗೆ, ಹೋದವರು ಯಾರ ಮನೆಯಲ್ಲಿ ಕೂತು ಮಾತಾಡುತ್ತಿದ್ದರು, ಯಾರ ಸಲಹೆ ಕೇಳುತ್ತಿದ್ದರು, ನೆರೆಯವರಲ್ಲಿ ಎಷ್ಟು ವಿಶ್ವಾಸ ಇಟ್ಟುಹೋದರು ಎಂಬುದನ್ನೂ ಕೇಳಿಕೊಳ್ಳಬೇಕು. ಆ ಲೆಕ್ಕ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಸ್ಮಿತ್‌ಗೆ ಅದು ತಿಳಿಯಲಿಲ್ಲ; ಅವನ ಜೀವ ಉಳಿದದ್ದು ಮಾತ್ರ ಅದರಿಂದಲೇ.

ಎರಡೂ ಕಾದಂಬರಿಗಳನ್ನು ಓದುಗರು ಒಟ್ಟಿಗೆ ಓದಬೇಕೆಂದು ನಮ್ಮ ಸೂಚನೆ. ಮೊದಲನೆಯದು ಚಿಕ್ಕದು, ಎರಡು ಭಾನುವಾರದಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ತಾಳ್ಮೆ ಬೇಕು. ನಮಗೆ ಹೆಚ್ಚು ತೂಕದ್ದೆನಿಸಿದ್ದು ಅದೇ.