ನುಣ್ಣಗಾದರೆ ಸಾಕೇ?

ಮ್ಯಾಶ್ಡ್ ಪೊಟೇಟೊ ಅಂದರೆ ಬೆಣ್ಣೆ, ಕ್ರೀಮು ಬೆರೆತ ನುಣುಪು ಮುದ್ದೆ ಎಂಬ ಅಭಿಪ್ರಾಯ ಈಗ ಶಿವಮೊಗ್ಗದ ಅಡುಗೆಮನೆಗಳಲ್ಲೂ ಬೇರೂರುತ್ತಿದೆ. ಅದರ ಬೆನ್ನಿಗೆ ಇನ್ನೆರಡು ಮಾತು: ಗಂಟಿಲ್ಲದಂತೆ ಮಾಡಲು ಮಿಕ್ಸಿಯೇ ಬೇಕು, ನಮ್ಮ ಆಲೂಗಡ್ಡೆ ಮೊಸರುಗೊಜ್ಜು ಬೇರೆ ತರಕಾರಿಯಿಲ್ಲದ ದಿನದ ಸೋಮಾರಿ ಅಡುಗೆ. ಮೂರೂ ಒಪ್ಪುವಂಥವಲ್ಲ.

ಮೊದಲು ಮಿಕ್ಸಿ. ಬೆಂದ ಆಲೂಗಡ್ಡೆಯ ಜೀವಕೋಶಗಳಲ್ಲಿ ನೀರು ಹೀರಿ ಉಬ್ಬಿದ ಪಿಷ್ಟ ತುಂಬಿರುತ್ತದೆ. ಕೈಯಲ್ಲಿ ಕಿವುಚಿದರೆ ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಹೆಚ್ಚಿನವು ಒಡೆಯುವುದಿಲ್ಲ. ಬ್ಲೇಡು ತಿರುಗಿದರೆ ಅವು ಹರಿದು ಪಿಷ್ಟವೆಲ್ಲ ಹೊರಬರುತ್ತದೆ. ಆಮೇಲೆ ಸಿಗುವುದು ಪೋಸ್ಟರ್ ಅಂಟಿಸುವ ಗೋಂದು. ಎಷ್ಟು ಬೆಣ್ಣೆ ಸುರಿದರೂ ಅದು ಸುಧಾರಿಸದು. ಈ ಖಾದ್ಯದ ನುಣುಪಿಗೇ ಹೆಸರಾದ ಫ್ರಾನ್ಸಿನ ಬಾಣಸಿಗ ಝೋಯೆಲ್ ರೋಬುಶಾಂ ಒಂದು ಕೆ.ಜಿ. ಆಲೂಗಡ್ಡೆಗೆ 250 ಗ್ರಾಂ ಬೆಣ್ಣೆ ಹಾಕುತ್ತಿದ್ದರು, ಆದರೆ ಬ್ಲೇಡು ಮುಟ್ಟಿಸುತ್ತಿರಲಿಲ್ಲ. ತೂತಿನ ತಟ್ಟೆಯ ಕೈಗಿರಣಿಯಲ್ಲಿ ಹಾಯಿಸುತ್ತಿದ್ದರು. ಮಲೆನಾಡಿನ ಮನೆಗಳಲ್ಲಿ ಅಂಥ ಕೆಲಸಕ್ಕೆ ಒದಗುವ ಸಾಧನ ಅಟ್ಟದ ಮೇಲಿದೆ: ಶ್ಯಾವಿಗೆ ಒರಳು. ಸಿಪ್ಪೆ ಸುಲಿದ ಬಿಸಿ ಆಲೂಗಡ್ಡೆಯನ್ನು ಅದರಲ್ಲಿ ಒತ್ತಿ ನೋಡಿ, ಗಂಟೂ ಇಲ್ಲ, ಅಂಟೂ ಇಲ್ಲ.

ಇನ್ನು ಬೆಣ್ಣೆ, ಕ್ರೀಮು ಬೆರೆತದ್ದೇ ಸರಿಯಾದ ಮುದ್ದೆ, ಅದು ಪರದೇಶದಿಂದ ಕಲಿಯಬೇಕಾದ ಅಡುಗೆ ಎಂಬ ಭಾವನೆ. ಗಡ್ಡೆ ದಕ್ಷಿಣ ಅಮೆರಿಕದ್ದು, ನಿಜ. ಹಿಚುಕುವ ವಿದ್ಯೆಗೆ ಒಬ್ಬರೇ ಒಡೆಯರಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ಭದ್ರಾವತಿಗೆ ಹೊರಗಿನಿಂದ ಅನೇಕ ಕುಟುಂಬಗಳು ಬಂದು ನೆಲೆಸಿದವು. ಅವರಲ್ಲಿ ತಮಿಳರ ಮನೆಯ ಪೊಡಿಮಾಸಿನಲ್ಲಿ ಹಿಚುಕಿದ ಆಲೂಗಡ್ಡೆಗೆ ಶುಂಠಿ, ನಿಂಬೆರಸ. ಬಿಹಾರದ ಚೋಖಾದಲ್ಲಿ ಸಾಸಿವೆಯೆಣ್ಣೆ, ಹಸಿ ಈರುಳ್ಳಿ. ನಮ್ಮಲ್ಲಿ ಮೊಸರು, ಹಸಿಮೆಣಸು. ಯಾವುದರಲ್ಲೂ ಕ್ರೀಮಿಲ್ಲ. ಅದು ಬಡತನವಲ್ಲ, ವಿವೇಕ. ತೀರಾ ತಣ್ಣಗೆ ದಾಸ್ತಾನಿಟ್ಟ ಆಲೂಗಡ್ಡೆಯ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆಯಾಗುತ್ತದೆ. ಹಾಸನದ ಹೊಸ ಬೆಳೆ ಮುಗಿದ ಮೇಲೆ ಶೀತಲಗೃಹದ ಗಡ್ಡೆ ಕೊಂಡವರಿಗೆ ಆ ಸಿಹಿ ಗೊತ್ತು. ಕ್ರೀಮು ಅದನ್ನು ಎತ್ತಿ ತೋರಿಸುತ್ತದೆ. ಹುಳಿ, ಖಾರ ಅದನ್ನು ಹದಕ್ಕೆ ತರುತ್ತವೆ.

ಸೋಮಾರಿ ಅಡುಗೆ ಎನ್ನುವವರು ಗೊಜ್ಜನ್ನು ಗಮನವಿಟ್ಟು ಮಾಡಿದಂತಿಲ್ಲ. ಆಲೂಗಡ್ಡೆಯನ್ನು ಹೆಚ್ಚದೆ, ಸಿಪ್ಪೆ ಸಮೇತ ಬೇಯಿಸಬೇಕು, ಇಲ್ಲವಾದರೆ ನೀರು ಕುಡಿದು ಸಪ್ಪೆಯಾಗುತ್ತದೆ. ಬೆಚ್ಚಗಿರುವಾಗಲೇ ಕಿವುಚಬೇಕು, ಮೊಸರು ಮಾತ್ರ ಆರಿದ ಮೇಲೆ, ಬಿಸಿಗೆ ಬಿದ್ದರೆ ಒಡೆಯುತ್ತದೆ. ಉದ್ದಿನಬೇಳೆ, ಸಾಸಿವೆ, ಇಂಗಿನ ಒಗ್ಗರಣೆ ಬಡಿಸುವ ಹೊತ್ತಿಗೆ, ಬೇಳೆ ಗರಿಗರಿಯಾಗಿರಲೆಂದು. ಅಲ್ಲಲ್ಲಿ ಉಳಿಯುವ ಗಂಟು ಕೈತಪ್ಪಿನಿಂದ ಆದದ್ದಲ್ಲ. ಮಾಂಸದ ಪಕ್ಕದಲ್ಲಿ ಬಡಿಸುವ ಮುದ್ದೆ ನುಣ್ಣಗಿರಬಹುದು, ಅಗಿಯಲು ಅಲ್ಲಿ ಮಾಂಸವಿದೆ. ಮೆತ್ತನೆಯ ಅನ್ನಕ್ಕೆ ಕಲಸುವ ಗೊಜ್ಜು ನುಣ್ಣಗಾದರೆ ಅನ್ನದಲ್ಲೇ ಕಳೆದುಹೋಗುತ್ತದೆ, ಹಲ್ಲಿಗೆ ಏನೂ ಸಿಗುವುದಿಲ್ಲ.

ನುಣುಪಿಗೆ ಅದರ ಜಾಗವಿದೆ. ಹಲ್ಲು ಬಾರದ ಮಗುವಿಗೆ, ಹಲ್ಲು ಹೋದ ಅಜ್ಜಿಗೆ ಬಿಸಿ ಹಾಲು, ತುಪ್ಪ ಬೆರೆಸಿದ ಮುದ್ದೆಯೇ ಹಿತ. ಅದನ್ನೇ ಎಲ್ಲರ ತಟ್ಟೆಗೂ ಅಳತೆಗೋಲು ಮಾಡುವುದು ತಪ್ಪು. ಮುದ್ದೆ ಬೇಕಾದವರು ಶ್ಯಾವಿಗೆ ಒರಳು ಇಳಿಸಲಿ, ಗೊಜ್ಜು ಬೇಕಾದವರು ಕೈ ತೊಳೆದು ಕೂರಲಿ. ಮಿಕ್ಸಿ ಚಟ್ನಿಗಿರಲಿ.